ಹದಿನಾಲ್ಕನೆಯ ಚೇಂಬರಿನ ಚಾವಿ

ಕಳೆದ ತಿಂಗಳು ಚಾಚಾ ಅವರನ್ನು ಅಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ತೀರಿಕೊಂಡು ಆಗಲೇ ನಲವತ್ತು ದಿನ ಕಳೆದಿದ್ದವು. ಅಂಕಲಿ ಕಡೆಯ ಒಂದು ಏತ ನೀರಾವರಿ ಸಂಘದ ಕಂಪ್ಯೂಟರಿನಲ್ಲಿ ಅವರ ಹೆಸರಿನ ಡಾಕ್ಯುಮೆಂಟ್ ಇತ್ತು. ಅವರ ಇಪ್ಪತ್ತು ಗುಂಟೆ ಹೊಲ ಈಗ ಮಗಳ ಹೆಸರಿಗೆ ಆಗಿತ್ತು. ತಂದೆಯದನ್ನು ತೆಗೆದು ಮಗಳದನ್ನು ಹಾಕಬೇಕು. ಐದು ನಿಮಿಷದ ಕೆಲಸ. ನಾನು ಅರ್ಧ ದಿನ ಕುಳಿತೆ.

ನನ್ನನ್ನು ಬಲ್ಲವರು ಇದಕ್ಕೆ ಆಶ್ಚರ್ಯಪಡುವುದಿಲ್ಲ. ಚಿಕ್ಕೋಡಿಯಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ; ಸಂಘ ಸಂಸ್ಥೆಗಳಿಗೆ ಬೇಕಾದ ಪ್ರೋಗ್ರಾಮು ಬರೆದುಕೊಡುತ್ತೇನೆ. ಸಂಜೆ ಶಟರ್ ಎಳೆದು ಕೀಲಿ ಹಾಕಿ ನೂರು ಹೆಜ್ಜೆ ಹೋದಮೇಲೆ ತಿರುಗಿ ಬಂದು ಕೀಲಿ ಜಗ್ಗಿ ನೋಡುತ್ತೇನೆ. ಎದುರಿನ ಚಹಾದಂಗಡಿಯವನು ಈಗ ನಾನು ತಿರುಗುವ ಮೊದಲೇ ಕೂಗುತ್ತಾನೆ: "ಐತ್ರಿ ಸರ, ಕೀಲಿ ಇನ್ನೂ ಅಲ್ಲೇ ಐತಿ!" ಮನೆಯಲ್ಲಿ ಗ್ಯಾಸಿನ ಗುಂಡಿಯ ವಿಷಯಕ್ಕೆ ಹೆಂಡತಿ ಮಾತಾಡುವುದನ್ನೇ ಬಿಟ್ಟಿದ್ದಾಳೆ. ಇಂಥವನು ಸಾವಿರ ರೈತರ ನೀರಿನ ಪಾಳಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಾನೆ ಎಂಬುದು ಆ ಸಾವಿರ ಜನಕ್ಕೆ ಗೊತ್ತಿಲ್ಲದಿರುವುದೇ ಒಳ್ಳೆಯದು.

ಚಾಚಾ ಆ ಸಂಘದ ಕಾರಕೂನರಾಗಿದ್ದರು. ಅವರಿಗೆ ಒಂದು ಹೆಸರಿತ್ತು, ಆದರೆ ಚೇರಮನ್ನರಿಂದ ಹಿಡಿದು ಪಂಪು ನಡೆಸುವವನ ತನಕ ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಬಿಡುತ್ತೇನೆ.

ನಾನು ಮೊದಲ ಸಲ ಅಲ್ಲಿಗೆ ಹೋದಾಗ ಅವರು ಒಂದು ಮರದ ಮೇಜಿನ ಹಿಂದೆ, ಕಿವಿಗೆ ನೀಲಿ ಪೆನ್ಸಿಲು ಸಿಕ್ಕಿಸಿಕೊಂಡು ಕುಳಿತಿದ್ದರು. ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ ಇತ್ತು. ಪುಸ್ತಕ ತೆರೆಯುವ ಮೊದಲು ಜೇಬಿನಿಂದ ಕರವಸ್ತ್ರ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಹಾಳೆ ತಿರುವಲು ಉಗುಳು ಹಚ್ಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಏನನ್ನಾದರೂ ಕಾಟು ಹಾಕಬೇಕಾದರೆ ಒಂದೇ ಒಂದು ಗೆರೆ ಎಳೆಯುತ್ತಿದ್ದರು, ಅದೂ ತೆಳ್ಳಗೆ. "ಕಾಟ ಹೊಡದದ್ದೂ ಓದಾಕ ಬರಬೇಕ್ರಿ ಸರ" ಎನ್ನುತ್ತಿದ್ದರು. ನಾನು ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಸರ ಅನ್ನಬೇಡಿ ಎಂದು ಎಷ್ಟು ಸಲ ಹೇಳಿದರೂ, "ಆತ್ರಿ ಸರ" ಎಂದೇ ಒಪ್ಪಿಕೊಳ್ಳುತ್ತಿದ್ದರು.

ಅವರ ಬಳಿ ಎರಡು ಪುಸ್ತಕಗಳಿದ್ದವು. ಒಂದು ರೈತರದು, ಇನ್ನೊಂದು ಚೇಂಬರುಗಳದು. ಕೃಷ್ಣಾ ದಂಡೆಯ ಪಂಪ್‌ಹೌಸಿನಿಂದ ನೆಲದೊಳಗಿನ ಪೈಪಿನಲ್ಲಿ ನೀರು ಬಂದು ಹೊಲಗಳ ನಡುವೆ ಅಲ್ಲಲ್ಲಿ ಕಾಂಕ್ರೀಟಿನ ಚೌಕ ತೊಟ್ಟಿಗಳಲ್ಲಿ ಏಳುತ್ತದೆ. ಅದೇ ಚೇಂಬರು. ಒಳಗೊಂದು ವಾಲು, ಅದನ್ನು ತಿರುಗಿಸಲು ತೋಳುದ್ದದ ಕಬ್ಬಿಣದ ಚಾವಿ. ಒಂದು ಚೇಂಬರಿಗೆ ಆರೇಳು ರೈತರು, ಚಾವಿ ಮಾತ್ರ ಒಂದೇ. ತನ್ನ ಪಾಳಿ ಮುಗಿದವನು ಚಾವಿಯನ್ನು ಮುಂದಿನವನ ಕೈಗೆ ಒಯ್ದು ಕೊಡಬೇಕು. ರೈತರ ಪುಸ್ತಕದಲ್ಲಿ ಒಬ್ಬೊಬ್ಬನ ಹೆಸರಿನ ಮುಂದೆ ಚಾಚಾ "ಚೇಂಬರು ೧೪ ನೋಡಿ" ಎಂದಷ್ಟೇ ಬರೆದಿದ್ದರು. ಯಾವ ವಾರ, ಎಷ್ಟು ತಾಸು, ಯಾರ ನಂತರ ಯಾರು ಎಂಬುದೆಲ್ಲ ಚೇಂಬರ್ ಪುಸ್ತಕದಲ್ಲಿ, ಒಂದೇ ಜಾಗದಲ್ಲಿ.

ನನಗೆ ನಗು ಬಂದಿತ್ತು. ಪ್ರತಿ ಸಲವೂ ಎರಡು ಪುಸ್ತಕ ತೆರೆಯಬೇಕಲ್ಲ! ನನ್ನ ಪ್ರೋಗ್ರಾಮಿನಲ್ಲಿ ಒಬ್ಬ ರೈತನಿಗೆ ಒಂದು ಡಾಕ್ಯುಮೆಂಟ್; ಅವನ ಹೊಲ, ಚೇಂಬರು, ಪಾಳಿ ಎಲ್ಲ ಅದರೊಳಗೇ. ಏಳು ರೈತರಿದ್ದರೆ ಚೇಂಬರಿನ ವಿವರವನ್ನು ಏಳು ಕಡೆ ನಕಲು ಮಾಡಿಟ್ಟರಾಯಿತು. ಒಂದು ಗುಂಡಿ ಒತ್ತಿದರೆ ಎಲ್ಲ ಕಣ್ಣ ಮುಂದೆ.

ಚಾಚಾ ಪರದೆಯನ್ನು ಬಹಳ ಹೊತ್ತು ನೋಡಿದರು. "ಛಲೋ ಐತ್ರಿ. ಆದ್ರ ಏಳ ಕಡೆ ಬರದ್ರ ಏಳ ಚೇಂಬರ್ ಆಗತಾವಲ್ರಿ? ಹೊಲದಾಗ ಒಂದ ಐತಿ."

"ಕಂಪ್ಯೂಟರಿನ್ಯಾಗ ಹಂಗ ಆಗಂಗಿಲ್ಲ ಚಾಚಾ" ಎಂದೆ.

ಅವರು ವಾದ ಮಾಡಲಿಲ್ಲ. ಕಪ್ಪಿನ ಚಹಾವನ್ನು ಕೆಳಗಿನ ಬಸಿಗೆ ಸುರಿದುಕೊಳ್ಳುತ್ತಾ ಒಂದು ಸಂಗತಿ ಹೇಳಿದರು. ಹಿಂದೆ ಒಬ್ಬ ರೈತ ಕಮ್ಮಾರನ ಕಡೆ ಹೋಗಿ ಚೇಂಬರಿನ ಚಾವಿಯಂಥದೇ ಇನ್ನೊಂದು ಚಾವಿ ಮಾಡಿಸಿಕೊಂಡು ಬಂದನಂತೆ, ಬೇರೆಯವರ ಮನೆಗೆ ಅಲೆಯುವುದು ತಪ್ಪಲಿ ಎಂದು. ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಒಂದು ಮುಂಜಾನೆ ಒಬ್ಬ ವಾಲು ತೆರೆದು ಹೋದ, ಇನ್ನೊಬ್ಬ ಬಂದು ಮುಚ್ಚಿ ಹೋದ. ಇಬ್ಬರ ಕೈಯಲ್ಲೂ ಚಾವಿ, ಇಬ್ಬರೂ ತಮ್ಮದೇ ಪಾಳಿ ಎಂದು ನಂಬಿದವರು. "ಅವತ್ತ ಹೊಡದಾಟ ಆತ್ರಿ. ಆ ಎರಡನೇ ಚಾವಿ ನಾನ ಒಯ್ದು ಕೃಷ್ಣಾ ಹೊಳಿಗಿ ಒಗದ ಬಂದೆ" ಎಂದು ಚಾಚಾ ಬಸಿ ತುಟಿಗೆ ಹಚ್ಚಿದರು.

ನನಗೆ ಪಾಠ ತಿಳಿಯಲು ನಾಲ್ಕು ತಿಂಗಳು ಬೇಕಾಯಿತು. ಒಂದು ಚೇಂಬರಿನ ದಿನ ಮಂಗಳವಾರದಿಂದ ಬುಧವಾರಕ್ಕೆ ಬದಲಾಯಿತು. ನಾನು ಒಂದು ಡಾಕ್ಯುಮೆಂಟಿನಲ್ಲಿ ತಿದ್ದಿದೆ, ಉಳಿದ ಐದರಲ್ಲಿ ಮಂಗಳವಾರವೇ ಉಳಿಯಿತು. ಹೊಲದಲ್ಲಿ ಎದ್ದ ಜಗಳ ಬಿಡಿಸಿದವರು ಚಾಚಾ. ಮರುದಿನ ನಾನು ಹೋಗಿ ಎಲ್ಲ ನಕಲುಗಳನ್ನು ತೆಗೆದು, ಅವರ ಪುಸ್ತಕದ ಹಾಗೆಯೇ ಮಾಡಿದೆ: ಚೇಂಬರು ಒಂದೇ ಕಡೆ, ರೈತನ ಡಾಕ್ಯುಮೆಂಟಿನಲ್ಲಿ ಅದರ ಗುರುತು ಮಾತ್ರ. ಅವರು ನೋಡಿ, "ಈಗ ಹೊಲಾ ಆತ ನೋಡ್ರಿ" ಎಂದರು. ಅಷ್ಟು ಹೊಗಳಿಕೆ ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಅದೇ ದಿನ ಅವರು ಕೈಬರಹದ ಎರಡೂ ಪುಸ್ತಕಗಳನ್ನು ಮುಚ್ಚಿ ಕಪಾಟಿಗೆ ಹಾಕಿದರು. ನಾನು ಗಾಬರಿಯಾದೆ. "ಬರಕೋತ ಇರ್ರಿ ಚಾಚಾ, ಒಂದು ಜೋಪಾನಕ್ಕ" ಎಂದು ಬೇಡಿಕೊಂಡೆ. ಅವರು ಕೇಳಲಿಲ್ಲ.

"ಎರಡ ಕಡೆ ಬರದ್ರ ಎರಡ ಖರೇ ಆಗತಾವ್ರಿ. ಒಂದ ಇರ್ಲಿ. ನಿಮ್ಮದ ಇರ್ಲಿ."

ಮುದುಕರು ಕಂಪ್ಯೂಟರನ್ನು ನಂಬುವುದಿಲ್ಲ ಎಂದು ಕೇಳಿದ್ದೆ. ಇವರು ನನಗಿಂತ ಹೆಚ್ಚು ನಂಬಿದ್ದರು. ಆ ನಂಬಿಕೆಗೆ ಹೆದರಿ ನಾನು ಪ್ರತಿ ಸಂಜೆ ಅಂಗಡಿಯಿಂದಲೇ ಇಂಟರ್ನೆಟ್ಟಿನಲ್ಲಿ ಎಲ್ಲವನ್ನೂ ತರಿಸಿಕೊಂಡು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳತೊಡಗಿದೆ.

ಆಮೇಲೆ ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷದ ಏಪ್ರಿಲಿನಲ್ಲಿ ನಾನು ಹದಿನಾಲ್ಕನೆಯ ಚೇಂಬರನ್ನು ಅಳಿಸಿದೆ.

ಆದದ್ದಿಷ್ಟು. ಅಲ್ಲಿದ್ದ ಏಳು ರೈತರಲ್ಲಿ ಒಬ್ಬ ಪಕ್ಕದ ಹನ್ನೊಂದನೆಯ ಚೇಂಬರಿಗೆ ಹೋದ. ಅವನ ಡಾಕ್ಯುಮೆಂಟಿನಿಂದ ಹದಿನಾಲ್ಕರ ಗುರುತು ತೆಗೆಯಬೇಕಿತ್ತು. ನಾನು ತೆಗೆ ಎಂದೆ. ನನ್ನ ಪ್ರೋಗ್ರಾಮು ಗುರುತನ್ನು ಹಿಡಿದುಕೊಂಡು ಹೋಗಿ, ಅದು ತೋರಿಸುತ್ತಿದ್ದ ಚೇಂಬರನ್ನೇ ತೆಗೆದುಹಾಕಿತು. ತಾಸು, ದಿನ, ಯಾರ ನಂತರ ಯಾರು ಎಂಬ ಸಾಲು, ಎಲ್ಲವೂ ಅದರೊಂದಿಗೆ ಹೋಯಿತು. ಉಳಿದ ಆರು ಜನರ ಡಾಕ್ಯುಮೆಂಟುಗಳಲ್ಲಿ ಇಲ್ಲದ ಮನೆಯ ವಿಳಾಸ ಉಳಿಯಿತು. ಶನಿವಾರ ಪಂಪ್‌ಹೌಸಿನ ಗೋಡೆಗೆ ಅಂಟಿಸಿದ ಪಾಳಿಯ ಹಾಳೆಯಲ್ಲಿ ಹದಿಮೂರರ ಕೆಳಗೆ ಹದಿನೈದು ಇತ್ತು.

ಭಾನುವಾರ ಹದಿನಾಲ್ಕರ ದಿನ. ಐವರು ಗಂಡಸರು ಬೈದಾಡಿಕೊಂಡು, ಹೇಗೋ ಹೊಂದಿಸಿಕೊಂಡು ವಾಲು ತೆರೆದರು. ಆರನೆಯವಳು ಕಲ್ಲವ್ವ. ಗಂಡ ಸತ್ತು ಬಹಳ ವರ್ಷವಾಗಿ, ಒಬ್ಬಳೇ ಎಲೆತೋಟ ನಡೆಸುವ ಹೆಂಗಸು. ಅವಳಿಗೆ ಚಾವಿ ಬರಲಿಲ್ಲ. ಹಾಳೆಯಲ್ಲಿ ನಿನ್ನ ಹೆಸರಿಲ್ಲ ಎಂದರಂತೆ. ಹೇಳಿದವರ ಹೆಸರೂ ಅದರಲ್ಲಿರಲಿಲ್ಲ.

ಸೋಮವಾರ ನಾನು ಸಂಘದಲ್ಲಿದ್ದಾಗ ಅವಳು ಬಂದಳು. ಸೆರಗಿನಿಂದ ಒಂದು ವೀಳ್ಯದೆಲೆ ತೆಗೆದು ಚಾಚಾ ಅವರ ಮೇಜಿನ ಮೇಲಿಟ್ಟಳು. ಅದು ಅಂಚಿನಲ್ಲಿ ಸುರುಳಿ ಸುತ್ತಿತ್ತು.

"ಇನ್ನೊಂದ ಪಾಳಿ ತಪ್ಪಿದ್ರ ಬಳ್ಳಿ ಕೈ ಬಿಡತಾವೋ ಚಾಚಾ. ಹತ್ತ ವರ್ಷದ ಬಳ್ಳಿ."

ನಾನು ಪೆನ್‌ಡ್ರೈವ್ ಹಾಕಿದೆ. ದಿನವೂ ನಕಲು ಮಾಡಿದ್ದೆ, ನಿಜ. ಆದರೆ ಹಳೆಯದರ ಮೇಲೆಯೇ ಹೊಸದನ್ನು. ಶುಕ್ರವಾರ ಅಳಿಸಿದ ಖಾಲಿಯನ್ನು ಶುಕ್ರವಾರ, ಶನಿವಾರ, ಭಾನುವಾರ ಮೂರು ಸಲ ಜತನದಿಂದ ಕಾಪಿಟ್ಟಿದ್ದೆ. ಗೋಡೆಯ ಹಳೆಯ ಹಾಳೆಗಳು? ಗೋಡೆ ಸ್ವಚ್ಛವಿರಲಿ ಎಂದು ಅವನ್ನು ವಾರವಾರ ಕಿತ್ತು ಸುಡಲು ಹೇಳಿದ್ದವನೂ ನಾನೇ. ಕಪಾಟಿನ ಪುಸ್ತಕದಲ್ಲಿದ್ದದ್ದು ಎರಡು ವರ್ಷದ ಹಿಂದಿನ ಸಾಲು. ಆಮೇಲೆ ಎಷ್ಟೋ ಅದಲು ಬದಲಾಗಿತ್ತು.

"ಚಾಚಾ, ನಿಮಗ ನೆನಪಿರಬೇಕಲ್ಲ? ಹೇಳ್ರಿ, ಹೊಡದಬಿಡತೇನಿ" ಎಂದೆ. ಕೀಬೋರ್ಡು ಹತ್ತಿರ ಎಳೆದುಕೊಂಡೆ.

"ನನ್ನ ನೆನಪೂ ಒಂದ ನಕಲ ಅಲ್ಲೇನ್ರಿ ಸರ? ಹಳೇದ ಇದ್ದರ?" ಅವರು ಎದ್ದು ಮೂಲೆಯ ಕೊಡೆ ತೆಗೆದುಕೊಂಡರು. "ಗಾಡಿ ತಗೀರಿ. ಆರ ಹೊಲಾ ಅದಾವ."

ಏಪ್ರಿಲ್ ತಿಂಗಳ ಮಧ್ಯಾಹ್ನ. ಹಿಂದೆ ಕೊಡೆ ಬಿಚ್ಚಿ ಹಿಡಿದ ಚಾಚಾ, ಮುಂದೆ ಕಬ್ಬಿನ ನಡುವಿನ ಹಾದಿ, ಪ್ರತಿ ತೋಟದ ಮನೆಯ ನಾಯಿಯೂ ನನ್ನನ್ನೇ ಗುರುತಿಸಿದಂತೆ ಓಡಿ ಬರುತ್ತಿತ್ತು. ಎಲ್ಲರ ಪಾಳಿ ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳೋಣ ಎಂದು ನಾನು ವಹಿ ತೆಗೆದೆ. ಚಾಚಾ ಹಿಂದಿನಿಂದ ಭುಜ ತಟ್ಟಿದರು.

"ಅವರ ಪಾಳಿ ಕೇಳಬ್ಯಾಡ್ರಿ. ತಮ್ಮದ ಕೇಳಿದ್ರ ಎಲ್ಲಾರೂ ಒಂದ ತಾಸ ಹೆಚ್ಚ ಹೇಳತಾರ. ಯಾರ ಕೈಯಿಂದ ಚಾವಿ ತಗೋತಿ, ಎಷ್ಟಕ್ಕ. ಯಾರ ಕೈಗೆ ಕೊಡತಿ, ಎಷ್ಟಕ್ಕ. ಇಷ್ಟ ಕೇಳ್ರಿ. ಮಂದಿ ತಾಸ ಯಾರೂ ಮರಿಯಂಗಿಲ್ಲ."

ನಾನು ಹಾಗೇ ಕೇಳುತ್ತಾ ಹೋದೆ. ಮೊದಲನೆಯವನು ತಾನು ಮುಗಿಸಿ ಚಾವಿ ಒಯ್ಯುವುದು ಎರಡನೆಯವನಿಗೆ ಎಂದ. ಎರಡನೆಯವನು ಮೊದಲನೆಯವನಿಂದಲೇ ತಗೊಳ್ಳುತ್ತೇನೆ ಎಂದ, "ಹತ್ತ ನಿಮಿಷ ತಡಾನ ಮಾಡತಾನ್ರಿ ಮಗಾ" ಎಂಬುದನ್ನೂ ಸೇರಿಸಿದ. ಇಬ್ಬರ ಮಾತೂ ಒಂದಕ್ಕೊಂದು ಕೂಡಿದ ಕಡೆ ಚಾಚಾ ನೀಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುತ್ತಿದ್ದರು. ನನ್ನ ಎದೆ ಹಗುರಾಗುತ್ತಾ ಬಂತು. ಕಳೆದುಹೋದ ಚೇಂಬರು ಯಾರ ಹತ್ತಿರವೂ ಪೂರ್ತಿ ಇರಲಿಲ್ಲ, ಆದರೆ ಪ್ರತಿಯೊಬ್ಬನ ಹತ್ತಿರವೂ ಅದರ ಎರಡು ತುದಿ ಇದ್ದವು. ಹೀಗೆ ಹುಡುಕಬಹುದೆಂದು ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ ಎನ್ನಲಾರೆ. ಇದ್ದಿರಬಹುದು. ಆದರೆ ಬಿಸಿಲಲ್ಲಿ ಕೊಡೆ ಹಿಡಿದು ಕೂತ ಮನುಷ್ಯ ಅದನ್ನು ಉಸಿರಾಡಿದಷ್ಟು ಸಲೀಸಾಗಿ ಮಾಡುವುದನ್ನು ನೋಡಿರಲಿಲ್ಲ.

ಕೊನೆಗೆ ಒಂದು ಕಡೆ ಸಿಕ್ಕು ಬಿತ್ತು. ಕಲ್ಲವ್ವ ಹೇಳಿದ್ದು: ಹತ್ತಕ್ಕೆ ಎರಡನೆಯ ಪಾಳಿಯ ಭೀಮಪ್ಪನಿಂದ ಚಾವಿ ತಗೊಳ್ಳುತ್ತೇನೆ, ಹನ್ನೆರಡಕ್ಕೆ ನನ್ನ ಮುಂದಿನ ತುಕಾರಾಮನಿಗೆ ಕೊಡುತ್ತೇನೆ. ಆದರೆ ಟ್ರ್ಯಾಕ್ಟರಿಗೆ ಒರಗಿ ನಿಂತಿದ್ದ ತುಕಾರಾಮ, "ಹತ್ತಕ್ಕ ಭೀಮಪ್ಪನ ಕಡೆಯಿಂದ ನಾನ ತಗೋತೇನ್ರಿ" ಎಂದುಬಿಟ್ಟ. ಪಕ್ಕದಲ್ಲೇ ಇದ್ದ ಭೀಮಪ್ಪ ನೆಲ ನೋಡುತ್ತಾ, "ಹೌದ್ರಿ, ತುಕಾರಾಮಗ ಕೊಡತೇನಿ" ಎಂದ. ಇಬ್ಬರೂ ನೆಂಟರು. ಹಾಳೆಯಲ್ಲಿ ಬಿದ್ದ ಖಾಲಿ ಜಾಗದಲ್ಲಿ ಕಲ್ಲವ್ವನ ಎರಡು ತಾಸು ನೀರೂ ಇತ್ತು, ಅದು ತುಕಾರಾಮನ ಕಣ್ಣಿಗೆ ಬಿದ್ದಿತ್ತು.

ಕಲ್ಲವ್ವ ತನ್ನ ತೋಟದ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇಬ್ಬರ ಮಾತು ಕೂಡಿತ್ತು, ಅವಳದು ಒಂಟಿ. ಚಾಚಾ ಅವರದೇ ಲೆಕ್ಕದ ಪ್ರಕಾರ ಚುಕ್ಕೆ ತುಕಾರಾಮನ ಮುಂದೆ ಬೀಳಬೇಕು. ಈ ಹೆಂಗಸಿನ ತೋಟ ಒಣಗಿದರೆ ಒಣಗಿಸಿದವನು ನಾನು; ತುಕಾರಾಮ ಬರೀ ನಡುವೆ ಬಂದವನು.

ಚಾಚಾ ಜಗಳ ತೆಗೆಯಲಿಲ್ಲ. "ಕಾಯ್ ರೇ ತುಕಾರಾಮ, ಏನಪಾ, ಚಾವಿ ಎಲ್ಲೈತಿ?" ಎಂದರು. ಟ್ರ್ಯಾಕ್ಟರಿನ ಮೇಲಿತ್ತು. ಅದನ್ನು ತರಿಸಿ ಭೀಮಪ್ಪನ ಕೈಗೆ ಕೊಟ್ಟರು.

"ಭೀಮಪ್ಪಾ, ಈಗ ಹತ್ತ ಬಡೀತು ಅನಕೋ. ನಿನ್ನ ಪಾಳಿ ಮುಗೀತು. ವಾರಾವಾರ ಹೆಂಗ ಒಯ್ದು ಕೊಡತೀಯೋ ಹಂಗ ಕೊಟ್ಟು ಬಾ. ಎಲ್ಲಿ, ನಿನ್ನ ಹೊಲದಿಂದ ಹೊರಡು."

ಭೀಮಪ್ಪ ಚಾವಿ ಹೆಗಲಿಗೇರಿಸಿ ತನ್ನ ಬದುವಿನ ಮೇಲೆ ನಿಂತ. ಆಗ ನಾನೂ ನೋಡಿದೆ. ಅಲ್ಲಿಂದ ತುಕಾರಾಮನ ಹೊಲಕ್ಕೆ ನೇರ ಹೋಗಬೇಕಾದರೆ ಮೊಣಕಾಲೆತ್ತರ ಹುಲ್ಲು, ಅದರಾಚೆ ಜಾಲಿ ಮುಳ್ಳಿನ ಬೇಲಿ. ಒಂದು ಹೆಜ್ಜೆಯ ಗುರುತೂ ಇಲ್ಲ. ಎಡಕ್ಕೆ, ಕಲ್ಲವ್ವನ ತೋಟದ ಬಾಗಿಲಿಗೆ, ಒಂದು ಪಾದದಗಲದ ಹಾದಿ ನುಣ್ಣಗೆ ಹೊಳೆಯುತ್ತಿತ್ತು. ಅವಳ ಬಾಗಿಲಿಂದ ಇನ್ನೊಂದು ಅಂಥದೇ ಹಾದಿ ತುಕಾರಾಮನ ಹೊಲದ ಕಡೆ ಹೊರಟಿತ್ತು.

ಭೀಮಪ್ಪ ಬಲಕ್ಕೆ ಬೇಲಿ ನೋಡಿದ, ಎಡಕ್ಕೆ ಹಾದಿ ನೋಡಿದ. ಆಮೇಲೆ ತಲೆ ಕೆರೆದುಕೊಂಡು ಹಲ್ಲು ಬಿಟ್ಟು, ಎಡಕ್ಕೆ ನಡೆದ.

"ತಗೋ ಅಕ್ಕಾ" ಎಂದು ಚಾವಿಯನ್ನು ಕಲ್ಲವ್ವನ ಕೈಗಿಟ್ಟ.

"ನಿನ್ನ ಬಾಯಿಗಿಂತ ನಿನ್ನ ಕಾಲ ಛಲೋ ಅದಾವ ನೋಡೋ ಭೀಮ್ಯಾ" ಎಂದಳು ಅವಳು. ತುಕಾರಾಮ ಟ್ರ್ಯಾಕ್ಟರಿನ ಟಾಯರಿನಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಬಹಳ ಆಸಕ್ತಿಯಿಂದ ಒತ್ತಿ ನೋಡುತ್ತಿದ್ದ.

"ಬರಕೋರಿ ಸರ" ಎಂದು ಚಾಚಾ ಚುಕ್ಕೆ ಇಟ್ಟರು. "ಮೂರನೇದ ಕಲ್ಲವ್ವ. ಹತ್ತರಿಂದ ಹನ್ನೆರಡ."

ಮುಂದಿನ ಭಾನುವಾರ ಹತ್ತಕ್ಕೆ ಎಲೆತೋಟಕ್ಕೆ ನೀರು ಹರಿಯಿತು. ನಾನು ಚಿಕ್ಕೋಡಿಯಿಂದ ನೋಡಲು ಹೋಗಿದ್ದೆ, ಚೇಂಬರಿನಿಂದ ನೀರು ಎದ್ದದ್ದನ್ನು ಮೂರು ಸಲ ನೋಡಿದೆ.

ಆರು ಹೊಲ ಸುತ್ತಿದ ಆ ಸೋಮವಾರ ವಾಪಸು ಬರುವಾಗ ಚಾಚಾ ನನ್ನನ್ನು ಬೈಯಲಿ ಎಂದು ಕಾದಿದ್ದೆ. ಅವರು ಕೇಳಿದ್ದು ಇಷ್ಟೇ: "ಸರ, ಅಳಸೂ ಮೊದಲ ಒಂದ ಮಾತ ಅದನ್ನ ಕೇಳಾಕ ಬರತೈತೇನ್ರಿ? ನಿನ್ನ ಯಾರ್ಯಾರ ಹಿಡಕೊಂಡಾರ ಅಂತ?"

ಬರುತ್ತದೆ. ಒಂದು ದಿನದ ಕೆಲಸ. ಅಂದಿನಿಂದ ನನ್ನ ಪ್ರೋಗ್ರಾಮಿನಲ್ಲಿ ಏನನ್ನೇ ಅಳಿಸಹೋದರೂ ಮೊದಲು ಒಂದು ಪಟ್ಟಿ ಬರುತ್ತದೆ: "ಇದನ್ನು ಹಿಡಿದುಕೊಂಡವರು". ಒಬ್ಬರು ಉಳಿದಿದ್ದರೂ ಅಳಿಸಲು ಬಿಡುವುದಿಲ್ಲ. ರಾಯಬಾಗ, ಅಥಣಿ, ಕಾಗವಾಡದ ಕಡೆ ನಾನು ಕೆಲಸ ಮಾಡಿಕೊಟ್ಟ ಎಲ್ಲ ಕಡೆ ಇದೇ ಇದೆ. ಬುದ್ಧಿವಂತಿಕೆ ನನ್ನದೆಂದು ಜನ ತಿಳಿದಿದ್ದಾರೆ. ಆ ತಿಳುವಳಿಕೆಯನ್ನು ತಿದ್ದುವುದನ್ನು ನಾನು ಮುಂದಕ್ಕೆ ಹಾಕುತ್ತಾ ಬಂದಿದ್ದೆ; ಈ ಬರಹವೇ ಆ ತಿದ್ದುಪಡಿ.

ಇನ್ನೊಂದನ್ನೂ ಮಾಡಿದೆ. ಪ್ರತಿ ಶನಿವಾರ ರೈತನ ಮೊಬೈಲಿಗೆ ಬರುವ ವಾರದ ಪಾಳಿಯ ಸಂದೇಶ ಹೋಗುವಂತೆ. ಫೋನಿಲ್ಲದವರಿಗೆ, ಓದಲು ಬಾರದವರಿಗೆ "ಯಾರಿಗೆ ತಿಳಿಸಬೇಕು" ಎಂಬ ಒಂದು ಜಾಗ ಇಟ್ಟೆ. ಆ ಜಾಗಗಳನ್ನು ಚಾಚಾ ಒಂದೇ ಬೆರಳಿನಿಂದ ಒತ್ತಿ ಒತ್ತಿ ತಾವೇ ತುಂಬಿದರು. ಯಾರ ಹೆಸರು ತುಂಬಿದರು ಎಂದು ನಾನು ನೋಡಲಿಲ್ಲ.

ಕಳೆದ ತಿಂಗಳು ನೋಡಿದೆ.

ಮಗಳು ಪಕ್ಕದ ಕುರ್ಚಿಯಲ್ಲಿದ್ದಳು. ಅದೇ ಊರಿನ ಶಾಲೆಯಲ್ಲಿ ಟೀಚರು. ಅವಳಿಗೆ ಹೊಸ ಡಾಕ್ಯುಮೆಂಟ್ ಮಾಡಿ, ತಂದೆಯ ಚೇಂಬರಿನ ಗುರುತನ್ನು ಅದಕ್ಕೆ ಕೊಟ್ಟೆ. ಆಮೇಲೆ ತಂದೆಯದರ ಮೇಲೆ "ಅಳಿಸು" ಒತ್ತಿದೆ. ಇನ್ನೇನು, ಯಾರೂ ಇರಲಿಕ್ಕಿಲ್ಲ ಅಂದುಕೊಂಡಿದ್ದೆ.

"ಇದನ್ನು ಹಿಡಿದುಕೊಂಡವರು" ಎಂದು ಪರದೆ ತೆರೆಯಿತು. ಹನ್ನೊಂದು ಹೆಸರು. ಹನ್ನೊಂದು ಮುದುಕ ಮುದುಕಿಯರು. ಯಾರಿಗೆ ತಿಳಿಸಬೇಕು: ಚಾಚಾ, ಚಾಚಾ, ಚಾಚಾ. ಮೊದಲ ಹೆಸರು ಕಲ್ಲವ್ವನದು.

"ಶನಿವಾರ ಸಂಜಿಮುಂದ ಕೊಡಿ ಹಿಡಕೊಂಡು ಹೋಗತಿದ್ರು" ಎಂದಳು ಮಗಳು, ಪರದೆಯನ್ನೇ ನೋಡುತ್ತಾ. "ಮಳಿ ಇರಲಿ ಬಿಡಲಿ. ಎಲ್ಲಿಗಂದ್ರ, ಕಾಲ ಆಡಿಸಿಕೊಂಡ ಬರತೇನಿ ಅಂತಿದ್ರು." ಕಣ್ಣೊರೆಸಿಕೊಂಡಳು. "ಹತ್ತ ಮಂದೀದು ನನ್ನ ಹೆಸರಿಗೆ ಹಾಕ್ರಿ ಸರ. ಶಾಲಿ ಮಕ್ಕಳ ಮನಿ ಅವೆಲ್ಲಾ. ಕಲ್ಲವ್ವಾಯಿದು ನಿಮಗ ಬಿಡತೇನಿ."

"ಯಾಕ?"

"ಆ ಪಾಳಿ ಅಳಿಸಿದಾವ್ರು ನೀವಂತಲ್ಲ? ಅಪ್ಪ ಹೇಳತಿದ್ರು." ಅವಳು ನಕ್ಕಳು. ನಗು ಥೇಟು ಅವರದೇ.

ಹತ್ತು ಹೆಸರುಗಳನ್ನು ಒಂದೊಂದಾಗಿ ಬದಲಿಸಿದೆ. ಕಲ್ಲವ್ವನದನ್ನು ಮುಟ್ಟಲಿಲ್ಲ. ಅವಳ ಡಾಕ್ಯುಮೆಂಟ್ ಇನ್ನೂ ಚಾಚಾ ಅವರನ್ನೇ ಹಿಡಿದುಕೊಂಡಿದೆ. ಚಾಚಾ ಅವರ ಡಾಕ್ಯುಮೆಂಟಿನೊಳಗೆ ಹೋಗಿ ಫೋನ್ ನಂಬರನ್ನು ಮಾತ್ರ ತೆಗೆದು ನನ್ನದು ಹಾಕಿದೆ. ಒಬ್ಬರು ಹಿಡಿದಿರುವ ತನಕ ಅದನ್ನು ಅಳಿಸಲು ಬರುವುದಿಲ್ಲ; ನಿಯಮ ನಿಯಮವೇ. ಚೇರಮನ್ನರು ಕೇಳಿದರೆ ಪ್ರೋಗ್ರಾಮಿನಲ್ಲಿ ಏನೋ ತೊಂದರೆ ಇದೆ, ನೋಡುತ್ತಿದ್ದೇನೆ ಎನ್ನುತ್ತೇನೆ. ನಂಬುತ್ತಾರೆ. ನನ್ನ ವಿಷಯದಲ್ಲಿ ಅದನ್ನು ಯಾರಾದರೂ ನಂಬುತ್ತಾರೆ.

ಅದೇ ವಾರದ ಶನಿವಾರ ಮೊದಲ ಸಂದೇಶ ನನ್ನ ಮೊಬೈಲಿಗೆ ಬಂತು, ಅವರ ಹೆಸರು ಹಿಡಿದು, ನಾಳೆ ಹತ್ತು ಗಂಟೆಗೆ ಕಲ್ಲವ್ವನ ಪಾಳಿ ಇದೆ ಎಂದು. ಶಟರಿಗೆ ಕೀಲಿ ಹಾಕಿ ನೇರ ಗಾಡಿ ಹತ್ತಿದೆ. ಅರ್ಧ ದಾರಿಯಲ್ಲಿ, ತಿರುಗಿ ಕೀಲಿ ಜಗ್ಗಿ ನೋಡಿಲ್ಲ ಎಂದು ನೆನಪಾಯಿತು. ಹಾಗೇ ಮುಂದೆ ಹೋದೆ.

ಕಲ್ಲವ್ವ ತೋಟದ ಬಾಗಿಲಲ್ಲಿ ಎಲೆಯ ಕಟ್ಟು ಕಟ್ಟುತ್ತಿದ್ದಳು.

"ನಾಳಿ ಹತ್ತಕ್ಕ ನಿಮ್ಮ ಪಾಳಿ ಐತ್ರಿ" ಎಂದೆ.

"ಗೊತ್ತೈತಿ" ಎಂದಳು. "ಮೂವತ್ತ ವರ್ಷದಿಂದ ನನಗ ನನ್ನ ಪಾಳಿ ಗೊತ್ತಿಲ್ಲೇನು? ಅವಗೂ ವಾರಾವಾರ ಇದನ್ನ ಹೇಳತಿದ್ದೆ. ಹೇಳಿದ್ರೂ ಬರತಿದ್ದ." ಎಲೆಯ ಕಟ್ಟು ಬದಿಗಿಟ್ಟು ಎದ್ದಳು. "ಕುಂದರ್ರಿ. ಚಾ ಮಾಡತೇನಿ. ಬಸಿಯೊಳಗ ಕುಡೀತೀರೇನು?"